ತಣ್ಣನೆ ಕಾಡೋ, ಬೆಚ್ಚನೆ ಕಾಡೋ?

ಪ್ರಶ್ನೆ: ನನಗೂ ನನ್ನ ತಂಗಿಗೂ ಎರಡು ವಾರ ರಜೆ ಸಿಗಲಿದೆ. ಯಾವ ತಿಂಗಳು ಅಂತ ಇನ್ನೂ ಗೊತ್ತಾಗಿಲ್ಲ. ದಿನಕ್ಕೆ ಐದಾರು ಗಂಟೆ ನಡೆಯಬೇಕು, ಆಗಾಗ ನೀರಿಗಿಳಿಯಬೇಕು ಅಂತ ಆಸೆ. ನನಗೆ ಸಮಶೀತೋಷ್ಣ ವಲಯದ ಬೆಟ್ಟ, ಸರೋವರ, ಎಲೆ ಉದುರಿಸುವ ಕಾಡು ಇಷ್ಟ. ಅವಳಿಗೆ ಉಪೋಷ್ಣ ವಲಯದ ದಟ್ಟ ಹಸಿರು, ಬೆಚ್ಚನೆ ಕಡಲು ಬೇಕು. 'ಫೋಟೋದಲ್ಲಿ ನಿಂದೇ ಚೆನ್ನಾಗಿ ಕಾಣುತ್ತೆ, ಆದ್ರೆ ಜೀವ ಇರೋದು ನನ್ನದ್ರಲ್ಲಿ' ಅನ್ನುತ್ತಾಳೆ. ಯಾರು ಸರಿ? ಇನ್ನೊಂದು ಸಣ್ಣ ಪ್ರಶ್ನೆ: ಎರಡೂ ಕಡೆಗೆ ಒಂದೇ ಜೊತೆ ಬೂಟು ಸಾಕಾ?

ಉತ್ತರ: ನಿಮ್ಮ ತಂಗಿಯ ಮಾತಲ್ಲಿ ಅರ್ಧ ಉತ್ತರ ಇದೆ. ಆದರೆ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತದ್ದು 'ಯಾವ ತಿಂಗಳು ಅಂತ ಇನ್ನೂ ಗೊತ್ತಾಗಿಲ್ಲ' ಎಂಬ ಸಾಲಿನ ಮೇಲೆ. ಅದು ಗೊತ್ತಾಗದೆ ನಿಮ್ಮ ಜಗಳ ಬಗೆಹರಿಯುವುದಿಲ್ಲ. ಒಂದೇ ಬೆಟ್ಟ ಜೂನ್‌ನಲ್ಲಿ ಸ್ವರ್ಗದಂತಿದ್ದು ಡಿಸೆಂಬರ್‌ನಲ್ಲಿ ಶಿಕ್ಷೆಯಾಗಬಹುದು. ಇನ್ನೊಂದು ಬೆಟ್ಟದಲ್ಲಿ ಇದು ತಿರುಗುಮುರುಗು. ಜನ ಮೊದಲು ಜಾಗ ಆರಿಸುತ್ತಾರೆ, ಆಮೇಲೆ ರಜೆ ಹೊಂದಿಸುತ್ತಾರೆ. ನಾನು ಮೊದಲು ಕ್ಯಾಲೆಂಡರ್ ನೋಡುತ್ತೇನೆ.

ಮೊದಲು ಹೆಸರುಗಳದ್ದೊಂದು ಗೊಂದಲ ಬಿಡಿಸಿಬಿಡೋಣ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳು ಸುಮಾರು 23.5 ಡಿಗ್ರಿ ಅಕ್ಷಾಂಶದಲ್ಲಿವೆ. ಅಲ್ಲಿಂದ ಧ್ರುವದ ಕಡೆಗೆ 35 ಡಿಗ್ರಿ ಆಸುಪಾಸಿನವರೆಗಿನ ಪಟ್ಟಿಯನ್ನು ಸಾಮಾನ್ಯವಾಗಿ ಉಪೋಷ್ಣ ಅನ್ನುತ್ತಾರೆ. ಅದರಾಚೆ ಧ್ರುವ ವೃತ್ತದವರೆಗೆ ಸಮಶೀತೋಷ್ಣ. ಆದರೆ ಹವಾಮಾನ ಗೆರೆಯ ಮಾತು ಕೇಳುವುದಿಲ್ಲ. ಹಾಂಗ್‌ಕಾಂಗ್ ಕರ್ಕಾಟಕ ವೃತ್ತದಿಂದ ಒಂದು ಡಿಗ್ರಿಗೂ ಜಾಸ್ತಿ ದಕ್ಷಿಣಕ್ಕಿದೆ. ನಕ್ಷೆ ನೋಡಿದರೆ ಅದು ಉಷ್ಣವಲಯ. ಆದರೆ ಚಳಿಗಾಲದಲ್ಲಿ ಏಷ್ಯಾದ ಒಳನಾಡಿನ ತಣ್ಣನೆ ಗಾಳಿ ಅಲ್ಲಿಯವರೆಗೂ ಇಳಿದು ಬರುವುದರಿಂದ ಅದರ ಹವೆಯನ್ನು ಉಪೋಷ್ಣ ಎಂದೇ ಲೆಕ್ಕ ಹಿಡಿಯುತ್ತಾರೆ. ಅರಿಜೋನಾದ ಕಳ್ಳಿಗಿಡಗಳ ಮರುಭೂಮಿಯೂ ಉಪೋಷ್ಣವೇ. ನಿಮ್ಮ ತಂಗಿ ಕೇಳುತ್ತಿರುವುದು ಅದನ್ನಲ್ಲ, ಮಳೆ ಬೀಳುವ ಹಸಿರು ಉಪೋಷ್ಣವನ್ನು. ಹಾಗಾಗಿ ಒಣ ಪ್ರದೇಶಗಳನ್ನು ಇಲ್ಲಿಗೇ ಬಿಡುತ್ತೇನೆ.

ಹೋಲಿಕೆಗೆ ಎರಡು ಬೆಟ್ಟ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಸ್ಕಾಫೆಲ್ ಪೈಕ್ 978 ಮೀಟರ್. ಹಾಂಗ್‌ಕಾಂಗ್‌ನ ತಾಯ್ ಮೋ ಶಾನ್ 957 ಮೀಟರ್. ಎತ್ತರ ಹೆಚ್ಚು ಕಡಿಮೆ ಒಂದೇ. ಎರಡಕ್ಕೂ ಒಂದೇ ದಿನದಲ್ಲಿ ಹತ್ತಿ ಇಳಿಯಬಹುದು. ಎರಡರಲ್ಲೂ ಮಂಜು ಯಾವಾಗ ಕವಿಯುತ್ತದೆ ಅಂತ ಹೇಳಲಾಗದು. ಹಾಗಾದರೆ ಅನುಭವವೂ ಒಂದೇ ಇರಬೇಕಲ್ವಾ? ಇಲ್ಲ. ಎತ್ತರವೇನೋ ಒಂದೇ, ಆದರೆ ಮೈ, ಬೆಳಕು ಮತ್ತು ಮಳೆ ಬೇರೆ ಬೇರೆ.

ಮೈಯ ಮಾತು ಮೊದಲು, ಯಾಕೆಂದರೆ ಜನ ಇದನ್ನೇ ಮರೆಯುವುದು. ನಡೆಯುವಾಗ ದೇಹ ಬಿಸಿಯಾಗುತ್ತದೆ. ಆ ಬಿಸಿ ಹೊರಹೋಗುವ ಮುಖ್ಯ ದಾರಿ ಬೆವರು ಆರುವುದು. ಗಾಳಿಯಲ್ಲಿ ಆಗಲೇ ನೀರಿನ ಅಂಶ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ನೆ ಸೋರಿಹೋಗುತ್ತದೆ. ಮೈ ತೋಯುತ್ತದೆ, ತಣ್ಣಗಾಗುವುದಿಲ್ಲ. ಅದಕ್ಕೇ ಹವಾಮಾನ ವರದಿಯಲ್ಲಿ ಉಷ್ಣಾಂಶಕ್ಕಿಂತ 'ಡ್ಯೂ ಪಾಯಿಂಟ್' ನೋಡಿ ಅಂತ ನಾನು ಯಾವಾಗಲೂ ಹೇಳುವುದು. ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಇಬ್ಬನಿ ಕಟ್ಟುತ್ತದೋ ಅದು ಡ್ಯೂ ಪಾಯಿಂಟ್. ಅದು 13 ಡಿಗ್ರಿ ಸೆಲ್ಸಿಯಸ್‌ವರೆಗೆ ಇದ್ದರೆ ಹಾಯಾಗಿರುತ್ತದೆ. 18 ದಾಟಿತೆಂದರೆ ಅಂಟಂಟು. 23-24ರ ಹತ್ತಿರ ಬಂದರೆ ಏರುದಾರಿಯಲ್ಲಿ ಎಂಥ ಗಟ್ಟಿಗನೂ ಮಾತು ನಿಲ್ಲಿಸುತ್ತಾನೆ. ಉಪೋಷ್ಣ ಕರಾವಳಿಗಳ ನಡುಬೇಸಿಗೆಯಲ್ಲಿ ಈ ಕೊನೆಯ ಅಂಕಿಯೇ ಮಾಮೂಲು.

ಹೊಸಬರ ಮೈ ಸೆಕೆಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ನಿಮ್ಮ ರಜೆಯೇ ಎರಡು ವಾರ. ಮೈ ಒಗ್ಗುವ ಹೊತ್ತಿಗೆ ವಾಪಸ್ ಹೊರಡಬೇಕು! ಚಳಿಗೆ ಮೇಲೊಂದು ಬಟ್ಟೆ ಹಾಕಿಕೊಳ್ಳಬಹುದು, ಸೆಕೆಗೆ ಚರ್ಮ ಬಿಚ್ಚಿಡಲು ಆಗುವುದಿಲ್ಲ.

ಹಾಗಂತ ತಣ್ಣನೆ ಬೆಟ್ಟ ಸಾಧು ಅಂದುಕೊಳ್ಳಬೇಡಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಸ್ಕಾಫೆಲ್ ಪೈಕ್‌ನ ಬುಡದಲ್ಲಿ ಹಿತವಾದ 14 ಡಿಗ್ರಿ ಇದ್ದರೆ ನೆತ್ತಿಯಲ್ಲಿ 8ರ ಹತ್ತಿರ. ಅದರ ಮೇಲೆ ಜಿಟಿಜಿಟಿ ಮಳೆ, ಬೀಸುಗಾಳಿ. ಮೈಯ ಶಾಖ ಕುಸಿಯುವ ಹೈಪೋಥರ್ಮಿಯಾ ಹಿಮದಲ್ಲಿ ಮಾತ್ರ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒದ್ದೆ ಬಟ್ಟೆ, ಗಾಳಿ ಮತ್ತು 5ರಿಂದ 10 ಡಿಗ್ರಿ ಸೇರಿದರೆ ಸಾಕು. ಒಂದೇ ವ್ಯತ್ಯಾಸವೆಂದರೆ ಈ ಅಪಾಯವನ್ನು ಒಳ್ಳೆ ಜಾಕೆಟ್ ಮತ್ತು ಒಣ ಬಟ್ಟೆಯ ಚೀಲದಿಂದ ಬಹುಮಟ್ಟಿಗೆ ತಡೆಯಬಹುದು. ಸೆಕೆಗೆ ಅಂಥ ಸಲಕರಣೆ ಇಲ್ಲ, ಬೆಳಿಗ್ಗೆ ಬೇಗ ಹೊರಡುವುದೊಂದೇ ಉಪಾಯ.

ಇನ್ನು ಬೆಳಕು. ಲೇಕ್ ಡಿಸ್ಟ್ರಿಕ್ಟ್ ಇರುವುದು 54 ಡಿಗ್ರಿಯಾಚೆ. ಜೂನ್ ಕೊನೆಯ ವಾರದಲ್ಲಿ ಸೂರ್ಯ 17 ಗಂಟೆ ಮೇಲಿರುತ್ತಾನೆ. ಮುಳುಗಿದ ಮೇಲೂ ಮುಕ್ಕಾಲು ಗಂಟೆ ದಾರಿ ಕಾಣುವಷ್ಟು ಬೆಳಕು ಉಳಿಯುತ್ತದೆ. ಬೆಳಿಗ್ಗೆ ನಿಧಾನವಾಗಿ ತಿಂಡಿ ತಿಂದು ಹನ್ನೊಂದಕ್ಕೆ ಹೊರಟರೂ ಗಾಬರಿ ಇಲ್ಲ. ಅದೇ ದಿನ ಹಾಂಗ್‌ಕಾಂಗ್‌ನಲ್ಲಿ ಹಗಲು ಹದಿಮೂರೂವರೆ ಗಂಟೆ ಮಾತ್ರ. ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಕತ್ತಲು. ಸಮಶೀತೋಷ್ಣದ ಬೇಸಿಗೆಗೆ ಜನ ಮರುಳಾಗುವುದಕ್ಕೆ ಬೆಟ್ಟಗಳಿಗಿಂತ ಈ ಉದ್ದನೆಯ ಸಂಜೆಯೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಓರೆಯಾಗಿ ಬೀಳುವ ಬೆಳಕು ಗಂಟೆಗಟ್ಟಲೆ ಇರುತ್ತದೆ. ಫೋಟೋ ತೆಗೆಯುವವರಿಗೆ ಹಬ್ಬ. ನಿಮ್ಮ ತಂಗಿ ಹೇಳಿದ 'ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ' ಎಂಬುದರ ಗುಟ್ಟು ಇಲ್ಲೂ ಸ್ವಲ್ಪ ಇದೆ.

ಈಗ ಡಿಸೆಂಬರ್‌ಗೆ ಬನ್ನಿ. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹಗಲು ಏಳೂವರೆ ಗಂಟೆಗೂ ಕಡಿಮೆ, ಅದರಲ್ಲೂ ಅರ್ಧ ದಿನ ಮೋಡ. ಹಾಂಗ್‌ಕಾಂಗ್‌ನಲ್ಲಿ ಹತ್ತೂವರೆ ಗಂಟೆ ಮೀರಿದ ಹಗಲು, ಸರಾಸರಿ 18 ಡಿಗ್ರಿ, ಒಣಗಾಳಿ. ಅಲ್ಲಿನ ವರ್ಷದ ಮಳೆ ಸುಮಾರು 2,400 ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ಮೇಯಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿದಿರುತ್ತದೆ. ಸ್ಕಾಫೆಲ್ ಪೈಕ್‌ನ ಬುಡದ ಸೀತ್‌ವೇಟ್ ಎಂಬಲ್ಲಿ 3,000 ಮಿಲಿಮೀಟರ್‌ಗೂ ಹೆಚ್ಚು ಬೀಳುತ್ತದೆ, ಅದೂ ವರ್ಷವಿಡೀ ಹರಡಿಕೊಂಡು. ಅಂದರೆ ಉಪೋಷ್ಣದ ಮಳೆಗೆ ವೇಳಾಪಟ್ಟಿ ಇದೆ, ನಾವು ತಪ್ಪಿಸಿಕೊಂಡು ಹೋಗಬಹುದು. ಸಮಶೀತೋಷ್ಣ ಕರಾವಳಿಯ ಮಳೆಗೆ ಅದಿಲ್ಲ. ಜುಲೈನಲ್ಲೂ ಮೂರು ದಿನ ಬಿಡದೆ ಹೊಯ್ಯಬಹುದು. ನ್ಯೂಜಿಲೆಂಡಿನ ಮಿಲ್‌ಫೋರ್ಡ್ ಸೌಂಡ್ ಎಂಬ ಕಡಲ ಚಾಚಿನಲ್ಲಂತೂ ವರ್ಷಕ್ಕೆ ಆರು ಮೀಟರ್ ದಾಟಿದ ಮಳೆ. ಅಲ್ಲಿನ ಪ್ರಸಿದ್ಧ 53.5 ಕಿಲೋಮೀಟರ್ ಕಾಲುದಾರಿಯಲ್ಲಿ ಪೂರ್ತಿ ಒಣಗಿದ ಮೈಯಲ್ಲಿ ನಡೆದು ಮುಗಿಸುವವರು ಅಪರೂಪ. ಆದರೆ ಅಲ್ಲಿ ಮಳೆಯೇ ಸೊಬಗು. ಬಂಡೆಗಳಿಂದ ನೂರಾರು ಜಲಪಾತ ಹುಟ್ಟಿಕೊಳ್ಳುವುದು ಮಳೆ ಬಿದ್ದಾಗಲೇ.

ಇನ್ನು ನೀವಿಬ್ಬರೂ ನಿಜವಾಗಿ ಕೇಳುತ್ತಿರುವ ಪ್ರಶ್ನೆಗೆ ಬರೋಣ. ಯಾವ ನೋಟ ಹೆಚ್ಚು ಸೆಳೆಯುತ್ತದೆ? ಇದನ್ನು ಸಂಶೋಧಕರು ಗಂಭೀರವಾಗಿಯೇ ನೋಡಿದ್ದಾರೆ. ಬ್ರಿಟಿಷ್ ಭೂಗೋಳ ತಜ್ಞ ಜೇ ಆಪಲ್‌ಟನ್ 1975ರಲ್ಲಿ ಒಂದು ವಾದ ಮುಂದಿಟ್ಟರು. ದೂರದವರೆಗೆ ನೋಡಲು ಅವಕಾಶ ಇರಬೇಕು, ಬೆನ್ನಿಗೆ ಅಡಗಲು ಜಾಗವೂ ಇರಬೇಕು. ಈ ಎರಡೂ ಕೂಡಿದ ನೋಟ ನಮಗೆ ಹಿತವೆನಿಸುತ್ತದೆ ಅಂತ. ಕಾಡಿನ ಅಂಚು, ಮುಂದೆ ಹುಲ್ಲುಗಾವಲು, ಅದರಾಚೆ ಸರೋವರ ಎಂಬ ಸಮಶೀತೋಷ್ಣದ ಮಾಮೂಲು ಚಿತ್ರ ಈ ಸೂತ್ರಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದೆ. ದಟ್ಟ ಉಪೋಷ್ಣ ಕಾಡಿನಲ್ಲಿ ಅಡಗಲು ಬೇಕಾದಷ್ಟು ಜಾಗವಿದೆ, ನೋಡಲು ಹತ್ತಡಿಯಾಚೆ ಏನೂ ಕಾಣದು.

1982ರಲ್ಲಿ ಅಮೆರಿಕದ ಬಾಲಿಂಗ್ ಮತ್ತು ಫಾಕ್ ಇನ್ನೂ ಸ್ವಾರಸ್ಯದ ಕೆಲಸ ಮಾಡಿದರು. ಬೇರೆ ಬೇರೆ ವಯಸ್ಸಿನವರಿಗೆ ಐದು ಬಗೆಯ ನೆಲದ ಚಿತ್ರ ತೋರಿಸಿದರು: ಮಳೆಕಾಡು, ಎಲೆ ಉದುರಿಸುವ ಕಾಡು, ಸೂಜಿ ಎಲೆಯ ಕಾಡು, ಮರಗಳು ಚದುರಿದ ಸವನ್ನಾ ಹುಲ್ಲುಗಾವಲು, ಮರುಭೂಮಿ. ಎಂಟು ವರ್ಷದ ಮಕ್ಕಳಿಗೆ ಸವನ್ನಾ ಎಲ್ಲಕ್ಕಿಂತ ಇಷ್ಟವಾಯಿತು. ಅವರಾರೂ ಅಂಥ ಜಾಗದಲ್ಲಿ ಬೆಳೆದವರಲ್ಲ. ಆದರೆ ಹದಿನೈದರಾಚೆ ಆ ಮೇಲುಗೈ ಹೋಯಿತು. ಅವರ ಸುತ್ತ ಇದ್ದ ಎಲೆ ಉದುರಿಸುವ ಮತ್ತು ಸೂಜಿ ಎಲೆಯ ಕಾಡುಗಳೂ ಸವನ್ನಾಕ್ಕೆ ಸಮನಾಗಿ ನಿಂತವು. ಮಳೆಕಾಡು, ಮರುಭೂಮಿ ಹಿಂದೆ ಉಳಿದವು.

ಇದನ್ನು ಓದಿ 'ನೋಡು, ನಾನೇ ಸರಿ' ಅಂತ ತಂಗಿಗೆ ತೋರಿಸಬೇಡಿ. ನೋಡಿದವರೆಲ್ಲ ಸಮಶೀತೋಷ್ಣ ನೆಲದವರು. ವಯಸ್ಸಾದಂತೆ ರೂಢಿಯಾದದ್ದು ಚೆಂದ ಕಾಣತೊಡಗಿತು, ಅಷ್ಟೇ. ಇನ್ನೊಂದು ವಿಷಯ, ಅವರು ನೋಡಿದ್ದು ಚಿತ್ರಗಳನ್ನು. ಚಿತ್ರದಲ್ಲಿ ಒಂದು ಕ್ಷಣಕ್ಕೆ ಕಾಣುವ ನೆಲ ಗೆಲ್ಲುತ್ತದೆ. ನಿಧಾನವಾಗಿ ತೆರೆದುಕೊಳ್ಳುವ ನೆಲ ಸೋಲುತ್ತದೆ.

ನನ್ನ ಮಟ್ಟಿಗೆ ಎರಡರ ನಡುವಿನ ನಿಜವಾದ ಅಂತರ ಇದೇ. ಸಮಶೀತೋಷ್ಣ ನೆಲ ದೂರದಿಂದ ನೋಡುವಂಥದ್ದು. ಎಲೆ ಉದುರಿದಾಗ ಕಾಡಿನ ನೆಲಕ್ಕೆ ಬಿಸಿಲು ಬೀಳುತ್ತದೆ. ಮರ ಮತ್ತೆ ಚಿಗುರಿ ನೆರಳು ಮುಚ್ಚುವ ಮೊದಲೇ ನೆಲದ ಗಿಡಗಳು ಗಡಿಬಿಡಿಯಲ್ಲಿ ಹೂ ಬಿಟ್ಟು ಮುಗಿಸುತ್ತವೆ. ಇಂಗ್ಲೆಂಡಿನ ಕಾಡುಗಳಲ್ಲಿ ಏಪ್ರಿಲ್-ಮೇ ತಿಂಗಳ ನೀಲಿ ಬ್ಲೂಬೆಲ್ ಹಾಸು ಹೀಗೆ ಹುಟ್ಟುವುದು. ಶರತ್ಕಾಲದಲ್ಲಿ ಎಲೆಯ ಹಸಿರು ಕರಗಿ, ಒಳಗಿದ್ದ ಹಳದಿ ಹೊರಗೆ ಬರುತ್ತದೆ. ಕೆಲವು ಮರಗಳು ಹೊಸದಾಗಿ ಕೆಂಪು ಬಣ್ಣ ತಯಾರಿಸುತ್ತವೆ. ಇಡೀ ಗುಡ್ಡ ಒಟ್ಟಿಗೆ ಬಣ್ಣ ಬದಲಿಸುತ್ತದೆ. ಒಂದೆರಡು ಜಾತಿಯ ಮರಗಳೇ ಮೈಲುಗಟ್ಟಲೆ ಹಬ್ಬಿರುವುದರಿಂದ ಈ ಒಗ್ಗಟ್ಟು. ಉಪೋಷ್ಣ ಕಾಡಿನಲ್ಲಿ ಪ್ರತಿ ಮರಕ್ಕೂ ತನ್ನದೇ ಪಂಚಾಂಗ. ಒಂದು ಚಿಗುರುತ್ತಿದ್ದರೆ ಪಕ್ಕದ್ದು ಕಾಯಿ ಬಿಟ್ಟಿರುತ್ತದೆ. ದೂರದಿಂದ ಎಲ್ಲ ಒಂದೇ ಹಸಿರು. ಹತ್ತಿರ ಹೋಗಿ ನಿಂತರೆ ಕಾಂಡದ ಮೇಲೆ ಪಾಚಿ, ಪಾಚಿಯ ಮೇಲೆ ಜರಿಗಿಡ, ಅದರ ಬುಡದಲ್ಲೊಂದು ಸೀತಾಳೆ ಹೂ, ಅದರೊಳಗೊಂದು ಹುಳ. ಅಲ್ಲಿ ಗಂಟೆಗೆ ಒಂದು ಕಿಲೋಮೀಟರ್ ನಡೆದರೂ ದಿನ ಸಾಲದು. ನಿಮ್ಮ ತಂಗಿ 'ಜೀವ' ಅಂದದ್ದು ಇದನ್ನೇ ಇರಬೇಕು.

ಇದಕ್ಕೆ ಅಪವಾದಗಳೂ ಇವೆ. ಆಗ ಹೇಳಿದ ಎರಡು ಬೆಟ್ಟಗಳನ್ನೇ ನೋಡಿ. ಲೇಕ್ ಡಿಸ್ಟ್ರಿಕ್ಟ್‌ನ ಬೋಳು ಇಳಿಜಾರು ನಿಸರ್ಗ ಮಾಡಿದ್ದಲ್ಲ, ಶತಮಾನಗಳಿಂದ ಮರ ಕಡಿದು ಕುರಿ ಮೇಯಿಸಿದ್ದರ ಫಲ. ಹಾಂಗ್‌ಕಾಂಗ್‌ನ ಗುಡ್ಡಗಳ ಕಾಡನ್ನೂ ಜನ ಕಡಿದು ಮುಗಿಸಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಳಿದುಳಿದದ್ದೂ ಸೌದೆಯಾಯಿತು. ಆಮೇಲೆ ನೆಟ್ಟ ಕಾಡು ಕೆಳಗೆ ಬೆಳೆದಿದೆ, ಮೇಲಿನ ಏಣುಗಳಲ್ಲಿ ಈಗಲೂ ಹುಲ್ಲು, ಕುರುಚಲು. ಹಾಗಾಗಿ ಉಪೋಷ್ಣವಾದರೂ ಅಲ್ಲಿ ಏಣಿನ ಮೇಲೆ ನಡೆದರೆ ಎರಡೂ ಕಡೆ ಕಡಲು ಕಾಣುತ್ತದೆ. ಆ ಪ್ರದೇಶದ ಸುಮಾರು 40 ಪ್ರತಿಶತ ನೆಲ ಕಂಟ್ರಿ ಪಾರ್ಕ್ ಎಂಬ ಸಂರಕ್ಷಿತ ಉದ್ಯಾನಗಳಾಗಿ ಉಳಿದಿದೆ. 1979ರಲ್ಲಿ ತೆರೆದ ಮೆಕ್ಲೆಹೋಸ್ ಕಾಲುದಾರಿ 100 ಕಿಲೋಮೀಟರ್ ಇದೆ, ತಾಯ್ ಮೋ ಶಾನ್ ಮೇಲೂ ಹಾದುಹೋಗುತ್ತದೆ. ದೂರ ನೋಡುವ ಸುಖವೂ ಬೇಕು, ಚಳಿಗಾಲವೂ ಬೇಕು ಅನ್ನುವವರಿಗೆ ಇಂಥ ಜಾಗ ಸರಿ.

ಪ್ರಾಣಿ ಪಕ್ಷಿ ನೋಡಬೇಕೆಂದರೆ ಮಾತ್ರ ನಾನು ಕಣ್ಣು ಮುಚ್ಚಿ ತಂಗಿಯ ಪಕ್ಷ. ಫ್ಲೋರಿಡಾದ ಎವರ್‌ಗ್ಲೇಡ್ಸ್ ಎಂಬ ಜೌಗು ಉದ್ಯಾನಕ್ಕೆ ಬೆಟ್ಟವೇ ಇಲ್ಲ. ಇಡೀ ಉದ್ಯಾನದಲ್ಲಿ ಅತಿ ಎತ್ತರದ ಜಾಗವೂ ಎರಡೂವರೆ ಮೀಟರ್ ದಾಟದು. ಫೋಟೋದಲ್ಲಿ ಚಪ್ಪಟೆ ಹುಲ್ಲು, ಮೇಲೆ ಆಕಾಶ. ಆದರೆ ಅಲ್ಲಿ ಕೆಲವೇ ಸೆಂಟಿಮೀಟರ್ ಎತ್ತರ ಬದಲಾದರೆ ಗಿಡಮರವೇ ಬದಲಾಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ಕಾಲದಲ್ಲಿ ನೀರು ಇಳಿದು ಹೊಂಡಗಳು ಮಾತ್ರ ಉಳಿಯುತ್ತವೆ. ಮೀನು ಅಲ್ಲಿ ಸೇರುತ್ತದೆ. ಮೀನಿನ ಹಿಂದೆ ಬೆಳ್ಳಕ್ಕಿ, ಹಾವಕ್ಕಿ, ಅಲಿಗೇಟರ್ ಎಲ್ಲ ಬರುತ್ತವೆ. ಅಲಿಗೇಟರ್ ಮತ್ತು ಮೊಸಳೆ ಎರಡೂ ಕಾಡಿನಲ್ಲಿ ಒಟ್ಟಿಗೆ ಬಾಳುವ ಜಾಗ ಅದು. ಮರದ ಹಲಗೆಯ ದಾರಿಯಲ್ಲಿ ಒಂದು ಕಿಲೋಮೀಟರ್ ನಡೆಯಲು ಅರ್ಧ ದಿನ ಹಿಡಿಯುತ್ತದೆ. ಅದೇ ಜಾಗಕ್ಕೆ ಆಗಸ್ಟ್‌ನಲ್ಲಿ ಹೋದರೆ? ಸೊಳ್ಳೆ, ಮಧ್ಯಾಹ್ನದ ಗುಡುಗು ಮಳೆ, ಎಲ್ಲೆಲ್ಲೂ ನೀರು ಹರಡಿ ಪ್ರಾಣಿಗಳು ಚೆಲ್ಲಾಪಿಲ್ಲಿ. ಅಟ್ಲಾಂಟಿಕ್ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ ಎಂಬುದೂ ನೆನಪಿರಲಿ.

ಕಚ್ಚುವ ಜೀವಿಗಳ ಬಗ್ಗೆ ಜನ ಉಪೋಷ್ಣಕ್ಕೆ ಮಾತ್ರ ಹೆದರುತ್ತಾರೆ. ಜಿಗಣೆ ನೋಡಲು ಅಸಹ್ಯ, ಸಾಮಾನ್ಯವಾಗಿ ಅಷ್ಟೇನೂ ಅಪಾಯವಿಲ್ಲ. ತಣ್ಣನೆ ಕಾಡಿನ ಉಣುಗು ಕಣ್ಣಿಗೇ ಬೀಳುವುದಿಲ್ಲ, ಆದರೆ ಲೈಮ್ ಕಾಯಿಲೆ ತರಬಲ್ಲದು. ಸಂಜೆ ಸ್ನಾನಕ್ಕೆ ಮುಂಚೆ ಮಂಡಿಯ ಹಿಂಭಾಗ, ಕಂಕುಳು, ತೊಡೆಸಂದು ನೋಡಿಕೊಳ್ಳಿ. ಬೇಗ ಕಿತ್ತು ತೆಗೆದಷ್ಟೂ ಸೋಂಕಿನ ಭಯ ಕಡಿಮೆ. ಸ್ಕಾಟ್‌ಲೆಂಡಿನ ಬೇಸಿಗೆಯ ನೊರಜು ಕಾಯಿಲೆ ತರುವುದಿಲ್ಲ, ಟೆಂಟ್ ಮಡಚಿ ಓಡುವಂತೆ ಮಾಡುತ್ತದೆ ಅಷ್ಟೇ. ಸ್ವಲ್ಪ ಗಾಳಿ ಎದ್ದರೆ ಅದು ಹಾರುವುದಿಲ್ಲ. ಹಾಗಾಗಿ ಅಲ್ಲಿ ಟೆಂಟ್ ಹಾಕುವಾಗ ಮರೆಯ ಜಾಗ ಹುಡುಕದೆ ಗಾಳಿಯಾಡುವ ಜಾಗ ಹುಡುಕಿ.

ನೀರಿಗಿಳಿಯುವ ವಿಷಯದಲ್ಲಿ ಚರ್ಚೆಯೇ ಇಲ್ಲ, ಬೆಚ್ಚನೆ ಕಡಲು ಗೆಲ್ಲುತ್ತದೆ. ಬೆಟ್ಟದ ಸರೋವರ ಬೇಸಿಗೆಯಲ್ಲೂ ಮೇಲ್ಪದರದಲ್ಲಿ ಮಾತ್ರ ಹಿತ, ಕಾಲು ಇಳಿಬಿಟ್ಟಲ್ಲಿ ಕೊರೆಯುತ್ತದೆ. 15 ಡಿಗ್ರಿಗಿಂತ ತಣ್ಣನೆ ನೀರಿಗೆ ಹಾರಿದರೆ ಉಸಿರು ಒಮ್ಮೆಲೇ ಏರಿ ನೀರು ಕುಡಿಯುವ ಅಪಾಯವಿದೆ. ನಿಧಾನವಾಗಿ ಇಳಿಯಿರಿ, ದಡ ಬಿಡಬೇಡಿ.

ಇಬ್ಬರಿಗೂ ಒಪ್ಪಿಗೆಯಾಗುವ ಮೂರನೇ ದಾರಿ ಒಂದಿದೆ: ಉಪೋಷ್ಣದಲ್ಲಿ ನಿಂತ ಎತ್ತರದ ಬೆಟ್ಟ. ಜಪಾನಿನ ಯಾಕುಶಿಮಾ ದ್ವೀಪ ಇದಕ್ಕೆ ನನ್ನ ಮೊದಲ ಉದಾಹರಣೆ. ಕಡಲಂಚಿನಲ್ಲಿ ಉಪೋಷ್ಣ ಗಿಡಮರ. ಅಲ್ಲಿಂದ 1,936 ಮೀಟರ್ ಎತ್ತರದ ಮಿಯಾನೋಉರಾ ಶಿಖರಕ್ಕೆ ಏರುತ್ತ ಹೋದಂತೆ ಹಳೆಯ ಸೀಡರ್ ಮರಗಳು, ಮೇಲೆ ಕುಳ್ಳ ಬಿದಿರು, ಚಳಿಗಾಲದಲ್ಲಿ ಹಿಮ. 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದಕ್ಕೆ ಈ ಮೆಟ್ಟಿಲುಮೆಟ್ಟಿಲಾದ ಹಸಿರೂ ಒಂದು ಕಾರಣ. ಮಳೆ ವಿಪರೀತ, ಅದಕ್ಕೆ ತಯಾರಾಗಿ ಹೋಗಬೇಕು. ಅಮೆರಿಕದ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲೂ ಹೀಗೇ. ಬುಡದಲ್ಲಿ ಬೇಸಿಗೆಯ ಸೆಕೆ, 2,025 ಮೀಟರ್ ನೆತ್ತಿಯಲ್ಲಿ ಉತ್ತರ ದೇಶದ ಸ್ಪ್ರೂಸ್-ಫರ್ ಎಂಬ ಸೂಜಿ ಎಲೆಯ ಮರಗಳ ಕಾಡು. ಶರತ್ಕಾಲದ ಬಣ್ಣ ಸೆಪ್ಟೆಂಬರ್ ಕೊನೆಗೆ ಮೇಲೆ ಶುರುವಾಗಿ ನವೆಂಬರ್ ಹೊತ್ತಿಗೆ ಕಣಿವೆಗೆ ಇಳಿಯುತ್ತದೆ. ಒಂದು ವಾರ ತಡವಾದರೂ ಚಿಂತೆಯಿಲ್ಲ, ಕೆಳಗಿನ ದಾರಿ ಹಿಡಿದರಾಯಿತು. ವರ್ಷಕ್ಕೆ ಒಂದು ಕೋಟಿ ದಾಟಿ ಜನ ಬರುವ ಜಾಗ, ಅಕ್ಟೋಬರ್ ವಾರಾಂತ್ಯ ಬೇಡವೇ ಬೇಡ.

ಹಾಗಾಗಿ ನನ್ನ ಸಲಹೆ ಹೀಗೆ. ರಜೆ ಮೇ ಕೊನೆಯಿಂದ ಸೆಪ್ಟೆಂಬರ್ ನಡುವೆ ಸಿಕ್ಕರೆ ನಿಮ್ಮ ಮಾತು ನಡೆಯಲಿ, ಉತ್ತರದ ಸಮಶೀತೋಷ್ಣಕ್ಕೆ ಹೋಗಿ. ನವೆಂಬರ್ ಕೊನೆಯಿಂದ ಮಾರ್ಚ್ ಆದರೆ ತಂಗಿಯದೇ ಸರಿ. ಅಕ್ಟೋಬರ್ ಅಥವಾ ಏಪ್ರಿಲ್ ಆದರೆ ಉಪೋಷ್ಣದ ಬೆಟ್ಟ. ಭೂಮಧ್ಯ ರೇಖೆಯ ಕೆಳಗೆ ಹೋಗುವುದಾದರೆ ಇದನ್ನೆಲ್ಲ ತಲೆಕೆಳಗು ಮಾಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಲ್ಯಾಮಿಂಗ್ಟನ್ ಕಾಡಿಗೆ ಜುಲೈ ಒಳ್ಳೆಯದು, ಮಿಲ್‌ಫೋರ್ಡ್‌ಗೆ ಜನವರಿ.

ದಿನದ ಲೆಕ್ಕ ಹಾಕಲು ಸ್ಕಾಟ್‌ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಸಾಕು: ಐದು ಕಿಲೋಮೀಟರ್‌ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸೆಕೆ ಇದ್ದಲ್ಲಿ ನಾನು ಅದಕ್ಕೆ ಮೂರನೇ ಒಂದು ಭಾಗ ಸೇರಿಸುತ್ತೇನೆ. ಬರೀ ನೀರು ಕುಡಿಯದೆ ಉಪ್ಪಿನ ಅಂಶವೂ ಒಳಗೆ ಹೋಗುವಂತೆ ನೋಡಿಕೊಳ್ಳುತ್ತೇನೆ.

ಕೊನೆಗೆ ಬೂಟು. ಇಲ್ಲ, ಒಂದು ಜೊತೆ ಸಾಲದು. ತಣ್ಣನೆ ಜೌಗು, ಸಡಿಲ ಕಲ್ಲು ಇರುವಲ್ಲಿ ಹರಡು ಮುಚ್ಚುವ, ನೀರು ಒಳಬಿಡದ ಬೂಟು ಬೇಕು. ಅದನ್ನೇ ಉಪೋಷ್ಣಕ್ಕೆ ಹಾಕಿಕೊಂಡು ಹೋದರೆ ಮೇಲಿನಿಂದ ನೀರು ನುಗ್ಗುತ್ತದೆ, ಒಳಗಿನದು ಹೊರಹೋಗುವುದಿಲ್ಲ, ಕಾಲು ಮೂರನೇ ದಿನಕ್ಕೆ ಬೆಂದಂತಾಗುತ್ತದೆ. ಅಲ್ಲಿಗೆ ಬಲೆಯಂಥ ಮೇಲ್ಬಟ್ಟೆಯ, ಬೇಗ ಒಣಗುವ ಹಗುರ ಶೂ ಸಾಕು. ಕಾಲುಚೀಲ ಮಾತ್ರ ಎರಡೂ ಕಡೆಗೆ ಉಣ್ಣೆಯದೇ ಇರಲಿ, ದಿನಕ್ಕೆ ಎರಡು ಜೊತೆಯ ಲೆಕ್ಕದಲ್ಲಿ.